ಬ್ಯಾಚಿನಿಂದ ಬ್ಯಾಚಿಗೆ ಗುಣ ಒಂದೇ ಇದೆಯಾ? ಚೀನೀ ಮೂಲಿಕೆಗಳನ್ನು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ದಾನ್‌ಶೆನ್ ಎಂಬ ಬೇರಿನ ಐದು ಬ್ಯಾಚ್ ನಿಮ್ಮ ಲ್ಯಾಬಿಗೆ ಬಂದಿವೆ ಎಂದಿಟ್ಟುಕೊಳ್ಳಿ. ಅದರ ಮುಖ್ಯ ಅಂಶವಾದ ಸಾಲ್ವಿಯಾನೋಲಿಕ್ ಆಸಿಡ್ ಬಿ ಎಷ್ಟಿದೆ ಎಂದು ಅಳೆದಿರಿ. 1ನೇ ಬ್ಯಾಚಿನಲ್ಲಿ 3.4%, ಎರಡರಲ್ಲಿ 5.1%, ಮೂರರಲ್ಲಿ 4.2%, ನಾಲ್ಕರಲ್ಲಿ 6.0%, ಐದರಲ್ಲಿ 3.8%. ಚೀನಾ ಸರ್ಕಾರದ ಔಷಧ ಮಾನದಂಡಗಳ ಪುಸ್ತಕ, ಅಂದರೆ ಫಾರ್ಮಕೋಪಿಯಾ, ಕೇಳುವುದು ಕನಿಷ್ಠ 3.0%. ಐದೂ ಪಾಸು. ಸರ್ಟಿಫಿಕೇಟ್ ಬರೆದು ಕೈತೊಳೆದುಕೊಳ್ಳಬಹುದು.

ಆದರೆ 1ನೇ ಬ್ಯಾಚಿನ 10 ಗ್ರಾಂ ಬೇರಿನಲ್ಲಿ ಇರುವುದು 340 ಮಿಲಿಗ್ರಾಂ, 4ನೇ ಬ್ಯಾಚಿನ 10 ಗ್ರಾಂನಲ್ಲಿ 600. ರೋಗಿ ಕುಡಿಯುವುದು ಅದೇ ಕಷಾಯ, ಅದೇ ಅಳತೆ. ಒಳಗಿನ ಸರಕು ಮಾತ್ರ ಹೆಚ್ಚುಕಡಿಮೆ ಎರಡರಷ್ಟು ವ್ಯತ್ಯಾಸ. ಪಾಸಾಗುವುದು ಬೇರೆ, ಒಂದೇ ಥರ ಇರುವುದು ಬೇರೆ. ಈ ಬರಹ ಎರಡನೆಯದನ್ನು ಪರೀಕ್ಷಿಸುವುದರ ಬಗ್ಗೆ. ಫಾರ್ಮಸಿ ಓದುವವರು, ಕ್ವಾಲಿಟಿ ಲ್ಯಾಬಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಆಯುರ್ವೇದದ ಕಚ್ಚಾ ಮೂಲಿಕೆ ನೋಡುವವರು, ಎಲ್ಲರಿಗೂ ಬಳಕೆಗೆ ಬರುತ್ತದೆ ಎಂದುಕೊಂಡಿದ್ದೇನೆ. ಉದಾಹರಣೆಗೆ ದಾನ್‌ಶೆನ್ ಒಂದನ್ನೇ ಹಿಡಿದು ಕೊನೆಯವರೆಗೆ ಹೋಗೋಣ. ಹತ್ತು ಮೂಲಿಕೆಗಳನ್ನು ಮೇಲಿಂದ ಮೇಲೆ ಮುಟ್ಟುವುದಕ್ಕಿಂತ ಇದೇ ವಾಸಿ.

ಒಂದು ಸೂಚನೆ. ಇಲ್ಲಿ ಕೊಟ್ಟಿರುವ ಮಿತಿಗಳು ಚೀನೀ ಫಾರ್ಮಕೋಪಿಯಾದ 2020ರ ಆವೃತ್ತಿಯವು. 2025ರ ಆವೃತ್ತಿ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ನಿಜವಾದ ಕೆಲಸಕ್ಕೆ ಕೂರುವ ಮೊದಲು ಹೊಸದರಲ್ಲಿ ಒಮ್ಮೆ ನೋಡಿಕೊಳ್ಳಿ. ಐದು ಬ್ಯಾಚುಗಳ ಅಂಕಿಗಳು, ಮುಂದೆ ಬರುವ ಲೆಕ್ಕದ ಉದಾಹರಣೆಗಳು ಮಾತ್ರ ವಿವರಿಸುವುದಕ್ಕಾಗಿ ನಾನೇ ಹಾಕಿಕೊಂಡವು.

ಲ್ಯಾಬಿಗೆ ಹೋಗುವ ಮೊದಲು: ಯಾವುದು ಒಂದೇ ಥರ ಇರಬೇಕು?

ದಾನ್‌ಶೆನ್ ಎಂದರೆ ಸಾಲ್ವಿಯಾ ಮಿಲ್ಟಿಯೋರೈಜಾ ಗಿಡದ ಬೇರು. ನಮ್ಮ ತುಳಸಿ, ಪುದೀನಗಳ ಕುಟುಂಬದ್ದೇ. ಚೀನೀ ವೈದ್ಯರು ರಕ್ತ ಸಂಚಾರಕ್ಕೆ, ಎದೆನೋವಿಗೆ ಕೊಡುತ್ತಾರೆ. ಶಾನ್‌ಡೊಂಗ್, ಸಿಚುವಾನ್, ಶಾನ್‌ಶಿ ಪ್ರಾಂತ್ಯಗಳಲ್ಲಿ ಬೆಳೆಯುತ್ತಾರೆ. ಅನ್‌ಹುಯಿ ಪ್ರಾಂತ್ಯದ ಬೋಝೌ, ಹೆಬೈ ಪ್ರಾಂತ್ಯದ ಆನ್‌ಗ್ವೋದಂಥ ದೊಡ್ಡ ಮೂಲಿಕೆ ಮಾರುಕಟ್ಟೆಗಳಲ್ಲಿ ಮೂಟೆಗಟ್ಟಲೆ ಸಿಗುತ್ತದೆ.

ಈ ಬೇರಿನಲ್ಲಿ ಎರಡು ಗುಂಪಿನ ಅಂಶಗಳಿವೆ. ಒಂದು, ನೀರಿನಲ್ಲಿ ಕರಗುವ ಸಾಲ್ವಿಯಾನೋಲಿಕ್ ಆಸಿಡ್‌ಗಳು. ಇನ್ನೊಂದು, ನೀರಿಗೆ ಅಷ್ಟಾಗಿ ಬಾರದ, ಆಲ್ಕೋಹಾಲಿನಲ್ಲಿ ಕರಗುವ ಟ್ಯಾನ್‌ಶಿನೋನ್‌ಗಳು. ಬೇರಿನ ಕೆಂಪು ಬಣ್ಣ ಈ ಎರಡನೆಯವುದರದ್ದು, ಅವು ಇರುವುದು ಮುಖ್ಯವಾಗಿ ಸಿಪ್ಪೆಯಲ್ಲಿ. ಹಾಗಾಗಿ ಸಣ್ಣ ಬೇರುಗಳು ಜಾಸ್ತಿ ಇರುವ ಮೂಟೆಯಲ್ಲಿ ಸಿಪ್ಪೆಯ ಪಾಲು ಜಾಸ್ತಿ, ಟ್ಯಾನ್‌ಶಿನೋನ್ ಕೂಡ ಜಾಸ್ತಿ ಇರುವ ಸಾಧ್ಯತೆ. ಬೇರು ಹೆಚ್ಚುವ ಮೊದಲು ಮೆತ್ತಗಾಗಲಿ ಎಂದು ತುಂಬಾ ಹೊತ್ತು ನೀರಿನಲ್ಲಿ ನೆನೆಹಾಕಿದರೆ ಮೊದಲ ಗುಂಪು ನೀರಿನ ಜೊತೆ ಹೋಗುತ್ತದೆ. ಎರಡು ಗುಂಪುಗಳು ಬೇರೆಬೇರೆ ಕಾರಣಕ್ಕೆ ಏರಿಳಿಯುತ್ತವೆ.

ಆದ್ದರಿಂದ ಮೊದಲ ಪ್ರಶ್ನೆ: ನಿಮ್ಮ ಬೇರು ಏನಾಗಲಿದೆ? ಕಷಾಯವೋ, ಕಷಾಯದ ಪುಡಿಯೋ ಆಗುವುದಾದರೆ ನೀರಿನ ಗುಂಪಿಗೆ ಹೆಚ್ಚು ತೂಕ ಕೊಡಿ. ಆಲ್ಕೋಹಾಲ್ ಸಾರ ತೆಗೆಯುವುದಾದರೆ ಟ್ಯಾನ್‌ಶಿನೋನ್‌ಗೆ. ಇದನ್ನು ಬರೆದಿಟ್ಟುಕೊಳ್ಳದೆ ಮಷೀನ್ ಆನ್ ಮಾಡಿದರೆ ಅಂಕಿಗಳ ರಾಶಿ ಬೀಳುತ್ತದೆ, ತೀರ್ಮಾನ ಮಾತ್ರ ಬರುವುದಿಲ್ಲ.

ಹಂತ 1: ಸ್ಯಾಂಪಲ್ ತೆಗೆಯುವುದು

ಸಾಲ್ವಿಯಾನೋಲಿಕ್ ಆಸಿಡ್ ಬಿ ಅಳೆಯಲು ಬೇಕಾಗುವ ಪುಡಿ ಸುಮಾರು 0.15 ಗ್ರಾಂ. ಗೋದಾಮಿನಲ್ಲಿರುವುದು ಟನ್ನುಗಟ್ಟಲೆ. ಚಿಟಿಕೆ ಪುಡಿ ಇಡೀ ಗೋದಾಮಿನ ಪರವಾಗಿ ಮಾತಾಡಬೇಕು. ಲಕ್ಷಗಟ್ಟಲೆ ಬೆಲೆಯ ಮಷೀನ್ ಇಟ್ಟುಕೊಂಡು ಮೇಲಿನ ಮೂಟೆಯಿಂದ ಒಂದು ಹಿಡಿ ಬೇರು ತರುವವರನ್ನು ಕಂಡರೆ ನನಗೆ ಅರ್ಥವೇ ಆಗುವುದಿಲ್ಲ.

ಚೀನೀ ಫಾರ್ಮಕೋಪಿಯಾದ ನಿಯಮ ಸರಳವಾಗಿದೆ. ಐದಕ್ಕಿಂತ ಕಡಿಮೆ ಮೂಟೆ ಇದ್ದರೆ ಎಲ್ಲದರಿಂದಲೂ ತೆಗೆಯಿರಿ. 5ರಿಂದ 99 ಇದ್ದರೆ ಐದು ಮೂಟೆಯಿಂದ. 100ರಿಂದ 1000 ಇದ್ದರೆ ನೂರಕ್ಕೆ ಐದರಂತೆ. ಸಾವಿರ ದಾಟಿದರೆ, ದಾಟಿದ ಭಾಗಕ್ಕೆ ನೂರಕ್ಕೆ ಒಂದರಂತೆ. ಬೆಲೆಬಾಳುವ ಮೂಲಿಕೆಯಾದರೆ ಎಷ್ಟೇ ಮೂಟೆ ಇದ್ದರೂ ಪ್ರತಿಯೊಂದರಿಂದ. ಪ್ರತಿ ಮೂಟೆಯಲ್ಲೂ ಮೇಲೆ, ನಡುವೆ, ತಳದಲ್ಲಿ ಕೈಹಾಕಿ. ಮುರಿದ ಚೂರು, ಮಣ್ಣು ತಳದಲ್ಲೇ ಕೂತಿರುತ್ತವೆ.

ತೆಗೆದದ್ದನ್ನೆಲ್ಲ ಒಟ್ಟುಮಾಡಿ, ಕಲಸಿ, ಚೌಕಾಕಾರದಲ್ಲಿ ಹರವಿ. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ಬಿಡಿ. ಬೇಕಾದಷ್ಟು ಉಳಿಯುವ ತನಕ ಹೀಗೇ ಮಾಡಿ. ಕೊನೆಗೆ ಉಳಿದದ್ದು ಪರೀಕ್ಷೆಗೆ ಬೇಕಾದದ್ದರ ಮೂರುಪಟ್ಟಾದರೂ ಇರಲಿ: ಒಂದು ಪಾಲು ಪರೀಕ್ಷೆಗೆ, ಒಂದು ಮರುಪರೀಕ್ಷೆಗೆ, ಒಂದು ಎತ್ತಿಡಲು.

ಸ್ಥಿರತೆಯನ್ನೇ ನೋಡುತ್ತಿರುವಾಗ ನಾನು ಇನ್ನೊಂದು ಕೆಲಸ ಸೇರಿಸುತ್ತೇನೆ. ಒಂದೇ ಬ್ಯಾಚಿನ ಮೂರು ಮೂಟೆಗಳ ಸ್ಯಾಂಪಲ್‌ಗಳನ್ನು ಕಲಸದೆ ಬೇರೆಬೇರೆಯಾಗಿ ಪರೀಕ್ಷಿಸಿ. ಬ್ಯಾಚಿನ ಒಳಗೇ ಮೂಟೆಯಿಂದ ಮೂಟೆಗೆ ದೊಡ್ಡ ವ್ಯತ್ಯಾಸ ಕಂಡರೆ, ವ್ಯಾಪಾರಿ ನಾಲ್ಕು ಊರಿನ ಮಾಲನ್ನು ಒಂದೇ ಲೇಬಲ್ಲಿನಡಿ ತುಂಬಿದ್ದಾನೆ ಎಂದು ಅನುಮಾನಿಸಬಹುದು. ಅಂಥದ್ದನ್ನು ‘ಒಂದು ಬ್ಯಾಚ್’ ಎಂದು ಲೆಕ್ಕಕ್ಕೆ ಹಿಡಿಯುವುದೇ ತಪ್ಪು.

ಹಂತ 2: ಇದು ಅದೇ ಗಿಡವಾ?

ಈ ಹಂತ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಸೆಲ್ಸ್ ನಗರದ ಪ್ರಕರಣ ಸಾಕು. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಚೀನೀ ಮೂಲಿಕೆ ಸೇರಿದ್ದ ಮಾತ್ರೆ ಕೊಡುತ್ತಿದ್ದರು. 1992ರ ಹೊತ್ತಿಗೆ ಅದನ್ನು ತೆಗೆದುಕೊಂಡ ಹೆಂಗಸರ ಮೂತ್ರಪಿಂಡ ಬೇಗಬೇಗ ಕೆಡುತ್ತಿರುವುದು ವೈದ್ಯರ ಗಮನಕ್ಕೆ ಬಂತು. ಮಾತ್ರೆಯಲ್ಲಿ ಇರಬೇಕಾಗಿದ್ದದ್ದು ಸ್ಟೆಫಾನಿಯಾ ಟೆಟ್ರಾಂಡ್ರಾ, ಚೀನೀ ಹೆಸರು ಹಾನ್ ಫಾಂಗ್‌ಜಿ. ಬಂದಿದ್ದದ್ದು ಅರಿಸ್ಟೊಲೋಕಿಯಾ ಫಾಂಗ್‌ಚಿ, ಅಂದರೆ ಗ್ವಾಂಗ್ ಫಾಂಗ್‌ಜಿ. ವ್ಯಾಪಾರದಲ್ಲಿ ಎರಡನ್ನೂ ಫಾಂಗ್‌ಜಿ ಎಂದೇ ಕರೆಯುತ್ತಿದ್ದರು. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇದೆ. ಅದು ಮೂತ್ರಪಿಂಡಕ್ಕೆ ವಿಷ, ಕ್ಯಾನ್ಸರನ್ನೂ ತರುತ್ತದೆ. ನೂರಕ್ಕೂ ಹೆಚ್ಚು ಮಂದಿಗೆ ತೊಂದರೆಯಾಯಿತು. ಹಲವರಿಗೆ ಡಯಾಲಿಸಿಸ್ ಅಥವಾ ಕಸಿ ಬೇಕಾಯಿತು. ಚೀನಾ 2003ರಲ್ಲಿ ಅದೇ ಆಸಿಡ್ ಇರುವ ಗ್ವಾನ್ ಮುತೊಂಗ್ ಬಳಕೆಯನ್ನು, 2004ರಲ್ಲಿ ಗ್ವಾಂಗ್ ಫಾಂಗ್‌ಜಿ ಬಳಕೆಯನ್ನು ನಿಲ್ಲಿಸಿತು. ನಮ್ಮಲ್ಲಿ ಈಶ್ವರಿ ಬೇರು ಎನ್ನುವ ಬಳ್ಳಿಯೂ ಇದೇ ಅರಿಸ್ಟೊಲೋಕಿಯಾ ಜಾತಿಯದ್ದು. ಹಳ್ಳಿ ಕಡೆ ಹಾವು ಕಚ್ಚಿದರೆ ಎಂದು ಅದನ್ನು ಇಟ್ಟುಕೊಳ್ಳುವವರು ಇದನ್ನು ತಿಳಿದಿರಬೇಕು.

ಗುರುತು ಹಿಡಿಯಲು ನಾಲ್ಕು ದಾರಿ. ಅಗ್ಗದ್ದರಿಂದ ದುಬಾರಿಯ ಕಡೆಗೆ ಹೋಗಿ.

ಕಣ್ಣು, ಕೈ, ಮೂಗು. ದಾನ್‌ಶೆನ್ ಬೇರು ಹೊರಗೆ ಇಟ್ಟಿಗೆ ಕೆಂಪು ಅಥವಾ ಕಂದುಗೆಂಪು, ಒರಟು, ಉದ್ದಕ್ಕೆ ಸುಕ್ಕು. ಕಾಡಿನದ್ದು 0.3ರಿಂದ 1 ಸೆಂಟಿಮೀಟರ್ ದಪ್ಪ, ಬೆಳೆಸಿದ್ದು 0.5ರಿಂದ 1.5 ಸೆಂಟಿಮೀಟರ್. ನೀರಲ್ಲಿ ಹಾಕಿದ ಕೂಡಲೇ ಕೆಂಪು ಬಿಟ್ಟರೆ ಬಣ್ಣ ಬಳಿದಿರಬಹುದು. ಟ್ಯಾನ್‌ಶಿನೋನ್ ಹಾಗೆ ತಣ್ಣೀರಿಗೆ ಸುಲಭವಾಗಿ ಇಳಿಯುವುದಿಲ್ಲ.

ಮೈಕ್ರೋಸ್ಕೋಪ್. ಪುಡಿಯನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ಬಿಸಿಮಾಡಿ ನೋಡಿದರೆ ನಾರು, ಕೊಳವೆಕೋಶ, ಕಲ್ಲುಕೋಶ ಕಾಣುತ್ತವೆ. ಪುಡಿಯಾಗಿ ಬಂದ ಮಾಲಿಗೆ ಇದಕ್ಕಿಂತ ಅಗ್ಗದ ಪೊಲೀಸ್ ಇಲ್ಲ. ಪಿಷ್ಟ ಬೆರೆಸಿದ್ದರೆ, ಬರೀ ನೀರಿನಲ್ಲಿ ಇಟ್ಟು ನೋಡಿದಾಗ ಸಿಕ್ಕಿಬೀಳುತ್ತದೆ; ಬಿಸಿ ಕ್ಲೋರಲ್ ಹೈಡ್ರೇಟಿನಲ್ಲಿ ಪಿಷ್ಟ ಕರಗಿಹೋಗುತ್ತದೆ.

ಟಿಎಲ್‌ಸಿ ಪ್ಲೇಟ್. ಸಾರದ ಹನಿ ಇಟ್ಟು ದ್ರಾವಕ ಏರಿಸಿದರೆ ಅಂಶಗಳು ಬೇರೆಬೇರೆ ಚುಕ್ಕೆಗಳಾಗಿ ನಿಲ್ಲುವ ಪ್ಲೇಟ್ ಇದು. ಒಂದೇ ಪ್ಲೇಟಿನ ಮೇಲೆ ನಿಮ್ಮ ಎಲ್ಲ ಬ್ಯಾಚ್, ಪಕ್ಕದಲ್ಲಿ ಅಸಲಿ ದಾನ್‌ಶೆನ್ ಮತ್ತು ಶುದ್ಧ ಟ್ಯಾನ್‌ಶಿನೋನ್ IIಎ ಹಾಕಿ ಓಡಿಸಿ. ಟ್ಯಾನ್‌ಶಿನೋನ್ IIಎ ಯಾವ ಸ್ಪ್ರೇ ಇಲ್ಲದೆಯೂ ಬರಿಗಣ್ಣಿಗೆ ಕಡುಗೆಂಪಾಗಿ ಕಾಣುತ್ತದೆ. ಹತ್ತು ಬ್ಯಾಚ್ ಸಾಲಾಗಿ ನಿಂತಾಗ ಯಾವುದು ಗುಂಪಿಗೆ ಸೇರಿಲ್ಲ ಎಂದು ಒಂದು ನೋಟದಲ್ಲೇ ಗೊತ್ತಾಗುತ್ತದೆ. ಇದರ ಫೋಟೋ ತೆಗೆದಿಡಿ.

ಡಿಎನ್‌ಎ. ಗಿಡಗಳಿಗೆ ಐಟಿಎಸ್2 ಎಂಬ ತುಣುಕನ್ನು ಓದುವ ವಿಧಾನ ಚೀನೀ ಫಾರ್ಮಕೋಪಿಯಾದಲ್ಲೇ ಮಾರ್ಗಸೂಚಿಯಾಗಿ ಸೇರಿದೆ. ಒಣ ಬೇರಿಗೆ ನಡೆಯುತ್ತದೆ. ಕುದಿಸಿ ತೆಗೆದ ಸಾರದಲ್ಲಿ ಡಿಎನ್‌ಎ ಚೂರುಚೂರಾಗಿರುತ್ತದೆ, ಅಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ.

ಒಂದು ಅಂಶದ ಪ್ರಮಾಣ ನೋಡಿ ಗಿಡದ ಗುರುತು ಹೇಳಲು ಮಾತ್ರ ಹೋಗಬೇಡಿ. ಸಾಲ್ವಿಯಾ ಪ್ರಜ್ವಾಲ್ಸ್ಕಿಯೈ ಎಂಬ ಹತ್ತಿರದ ನೆಂಟನಲ್ಲೂ ಟ್ಯಾನ್‌ಶಿನೋನ್ ಇದೆ. ಹುವಾಂಗ್‌ಲಿಯೆನ್ ಎಂಬ ಹಳದಿ ಬೇರಿನ ಮುಖ್ಯ ಅಂಶ ಬರ್ಬೆರಿನ್. ಹುವಾಂಗ್‌ಬೈ ಎಂಬ ಮರದ ತೊಗಟೆಯಲ್ಲೂ ಅದೇ ಇದೆ, ನಮ್ಮ ಪಶ್ಚಿಮ ಘಟ್ಟದ ಮರದರಿಶಿನದಲ್ಲೂ ಅದೇ ಇದೆ. ಬರ್ಬೆರಿನ್ ಸಿಕ್ಕಿತು ಅಂತ ಹುವಾಂಗ್‌ಲಿಯೆನ್ ಎನ್ನಲಾಗುತ್ತದಾ?

ಹಂತ 3: ಮೂಲ ಪರೀಕ್ಷೆಗಳು

ಇವು ಪ್ರತಿ ಲ್ಯಾಬಿಗೂ ಗೊತ್ತಿರುವವು, ಬೇಗ ಮುಗಿಸುತ್ತೇನೆ. ದಾನ್‌ಶೆನ್‌ಗೆ ತೇವಾಂಶ 13.0% ಮೀರಬಾರದು. ಒಟ್ಟು ಬೂದಿ 10.0%, ಆಸಿಡಿನಲ್ಲಿ ಕರಗದ ಬೂದಿ 3.0% ಮೀರಬಾರದು. ಈ ಕೊನೆಯದು ಹೆಚ್ಚೂಕಡಿಮೆ ಮಣ್ಣು, ಮರಳಿನ ಲೆಕ್ಕ. ತಣ್ಣೀರಿನಲ್ಲಿ ಕರಗುವ ಸಾರ ಕನಿಷ್ಠ 35.0%, ಬಿಸಿ ಆಲ್ಕೋಹಾಲಿನಲ್ಲಿ ಕರಗುವುದು ಕನಿಷ್ಠ 15.0%.

ಬೇಡದ ವಸ್ತುಗಳಲ್ಲಿ ಸೀಸ ಪ್ರತಿ ಕೆಜಿಗೆ 5 ಮಿಲಿಗ್ರಾಂ, ಕ್ಯಾಡ್ಮಿಯಂ 1, ಆರ್ಸೆನಿಕ್ 2, ಪಾದರಸ 0.2, ತಾಮ್ರ 20 ಮೀರಬಾರದು. ಲೋಹಗಳನ್ನು ಅಳೆಯುವ ಐಸಿಪಿ-ಎಂಎಸ್ ಮಷೀನ್ ಇದ್ದರೆ ಐದೂ ಒಂದೇ ಓಟದಲ್ಲಿ ಬರುತ್ತವೆ. ಬಣ್ಣ ಚೆನ್ನಾಗಿರಲಿ, ಹುಳ ಬೀಳದಿರಲಿ ಎಂದು ಗಂಧಕದ ಹೊಗೆ ಹಾಕುವ ರೂಢಿ ಇದೆ. ಹಾಗಾಗಿ ಸಲ್ಫರ್ ಡೈಆಕ್ಸೈಡ್ ನೋಡಿ. ಹೆಚ್ಚಿನ ಮೂಲಿಕೆಗಳಿಗೆ ಮಿತಿ ಕೆಜಿಗೆ 150 ಮಿಲಿಗ್ರಾಂ. ಗಂಧಕದ ಹೊಗೆ ಬರೀ ಉಳಿಕೆಯ ಪ್ರಶ್ನೆ ಅಲ್ಲ, ಒಳಗಿನ ಅಂಶವನ್ನೇ ಬದಲಿಸಬಲ್ಲದು. ಬೈಶಾವ್ ಎಂಬ ಬೇರಿನಲ್ಲಿ ಪಿಯೋನಿಫ್ಲೋರಿನ್ ಗಂಧಕದ ಜೊತೆ ಸೇರಿ ಬೇರೆಯೇ ವಸ್ತುವಾಗುತ್ತದೆ. ಹಂತ 5ರಲ್ಲಿ ಬರುವ ಫಿಂಗರ್‌ಪ್ರಿಂಟ್ ಗ್ರಾಫಿನಲ್ಲಿ ಹೊಸ ಪೀಕ್, ಅಂದರೆ ಶಿಖರ, ಎದ್ದರೆ ಇದೂ ಒಂದು ಕಾರಣ ಎಂದು ನೆನಪಿರಲಿ. 2020ರ ಆವೃತ್ತಿ 33 ನಿಷೇಧಿತ ಕೀಟನಾಶಕಗಳ ಪಟ್ಟಿಯನ್ನೂ ಕೊಟ್ಟಿದೆ.

ಹಂತ 4: ಮುಖ್ಯ ಅಂಶಗಳ ಪ್ರಮಾಣ

ಇಲ್ಲಿಂದ ಎಚ್‌ಪಿಎಲ್‌ಸಿ ಬೇಕು, ಅಂದರೆ ಸಾರದ ಅಂಶಗಳನ್ನು ಬೇರ್ಪಡಿಸಿ ಗ್ರಾಫಿನಲ್ಲಿ ಪೀಕುಗಳಾಗಿ ತೋರಿಸುವ ಮಷೀನ್. ಬೇರನ್ನು ಪುಡಿಮಾಡಿ 355 ಮೈಕ್ರಾನ್ ಜರಡಿಯಲ್ಲಿ ಇಳಿಸಿ. ಜರಡಿಯ ಮೇಲೆ ಉಳಿದ ನಾರನ್ನು ಎಸೆಯಬೇಡಿ, ಮತ್ತೆ ಪುಡಿಮಾಡಿ ಸೇರಿಸಿ. ಸಿಪ್ಪೆ ಬೇಗ ಪುಡಿಯಾಗುತ್ತದೆ, ಒಳಗಿನ ಕಟ್ಟಿಗೆ ಭಾಗ ತಡವಾಗಿ. ನಾರು ಎಸೆದರೆ ಟ್ಯಾನ್‌ಶಿನೋನ್ ಇರುವುದಕ್ಕಿಂತ ಜಾಸ್ತಿ ಎಂದು ತೋರುತ್ತದೆ.

ಸಾಲ್ವಿಯಾನೋಲಿಕ್ ಆಸಿಡ್ ಬಿ (ಇನ್ನು ಮುಂದೆ ಸಾಲ್-ಬಿ ಎನ್ನುತ್ತೇನೆ) ಅಳೆಯಲು 80 ಪಾಲು ಮೆಥನಾಲ್, 20 ಪಾಲು ನೀರಿನಲ್ಲಿ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಅರ್ಧ ಗಂಟೆ ಇಡಿ. 286 ನ್ಯಾನೋಮೀಟರಿನಲ್ಲಿ ಓದಿ. ಟ್ಯಾನ್‌ಶಿನೋನ್‌ಗಳಿಗೆ ಬರೀ ಮೆಥನಾಲ್, 270 ನ್ಯಾನೋಮೀಟರ್. ಟ್ಯಾನ್‌ಶಿನೋನ್ IIಎ, ಕ್ರಿಪ್ಟೋಟ್ಯಾನ್‌ಶಿನೋನ್, ಟ್ಯಾನ್‌ಶಿನೋನ್ I, ಮೂರೂ ಕೂಡಿ ಕನಿಷ್ಠ 0.25% ಇರಬೇಕು. ಟ್ಯಾನ್‌ಶಿನೋನ್ ಬೆಳಕಿಗೆ ಕೆಡುತ್ತದೆ, ಕಂದು ಬಣ್ಣದ ಫ್ಲಾಸ್ಕ್ ಬಳಸಿ. ಸಾಲ್-ಬಿ ನೀರಿನಲ್ಲಿ ಬಿಸಿ ತಾಗಿದರೆ ಒಡೆದು ದಾನ್‌ಶೆನ್‌ಸು ಮುಂತಾದ ಚಿಕ್ಕ ಅಂಶಗಳಾಗುತ್ತದೆ. ಅಲ್ಟ್ರಾಸೋನಿಕ್ ತೊಟ್ಟಿಯ ನೀರು ಮಧ್ಯಾಹ್ನದ ಹೊತ್ತಿಗೆ ಬೆಚ್ಚಗಾಗಿರುತ್ತದೆ. ಬೆಳಗ್ಗೆ ಮಾಡಿದ ಬ್ಯಾಚಿಗೂ ಮಧ್ಯಾಹ್ನ ಮಾಡಿದ ಬ್ಯಾಚಿಗೂ ವ್ಯತ್ಯಾಸ ಬಂದರೆ ಬೇರನ್ನು ಬೈಯುವ ಮುನ್ನ ತೊಟ್ಟಿಯ ನೀರು ಬದಲಿಸಿ.

ಬ್ಯಾಚುಗಳನ್ನು ಹೋಲಿಸುವ ಮೊದಲು ಮಷೀನ್ ನೆಟ್ಟಗಿದೆಯಾ ನೋಡಬೇಕಲ್ವಾ? ಸ್ಟ್ಯಾಂಡರ್ಡನ್ನು, ಅಂದರೆ ಅಳೆಯಬೇಕಾದ ಅಂಶದ ಶುದ್ಧ ವಸ್ತುವನ್ನು, ಐದು ಸಲ ಇಂಜೆಕ್ಟ್ ಮಾಡಿ. ಪೀಕಿನ ವಿಸ್ತೀರ್ಣದ ಆರ್‌ಎಸ್‌ಡಿ, ಅಂದರೆ ಸರಾಸರಿಗೆ ಹೋಲಿಸಿದ ಚದುರುವಿಕೆ, 2.0% ಒಳಗಿರಲಿ. ಅಕ್ಕಪಕ್ಕದ ಪೀಕುಗಳು ಎಷ್ಟು ಬೇರ್ಪಟ್ಟಿವೆ ಎಂದು ಹೇಳುವ ರೆಸಲ್ಯೂಷನ್ 1.5ಕ್ಕಿಂತ ಹೆಚ್ಚಿರಲಿ. ಒಂದೇ ಬ್ಯಾಚಿನ ಪುಡಿಯನ್ನು ಆರು ಸಲ ಬೇರೆಬೇರೆ ತೂಗಿ, ಆರು ಸಲ ಸಾರ ತೆಗೆದು ನೋಡಿ. ಈ ಆರರಲ್ಲೇ 5% ಓಲಾಟ ಇದ್ದರೆ, ಎರಡು ಬ್ಯಾಚುಗಳ ನಡುವೆ ಕಂಡ 4% ವ್ಯತ್ಯಾಸಕ್ಕೆ ಯಾವ ಅರ್ಥವೂ ಇಲ್ಲ.

ಎಲ್ಲ ಅಂಕಿಗಳನ್ನೂ ಒಣತೂಕಕ್ಕೆ ತಿರುಗಿಸಿ. 13% ತೇವ ಇರುವ ಬ್ಯಾಚಿನಲ್ಲಿ 3.4% ಬಂತು, 8% ತೇವ ಇರುವುದರಲ್ಲಿ 3.6% ಬಂತು ಎಂದುಕೊಳ್ಳಿ. 3.4 ಭಾಗಿಸು 0.87 ಎಂದರೆ 3.91. 3.6 ಭಾಗಿಸು 0.92 ಎಂದರೂ 3.91. ಎರಡೂ ಒಂದೇ ಬೇರು, ಒಂದು ಮಳೆಗಾಲದಲ್ಲಿ ಬಂದಿತ್ತು, ಅಷ್ಟೇ.

ಸ್ಟ್ಯಾಂಡರ್ಡುಗಳು ದುಬಾರಿ. ಅದಕ್ಕೆ ಚೀನೀ ಫಾರ್ಮಕೋಪಿಯಾ ಒಂದು ಉಪಾಯ ಹುಡುಕಿದೆ: ಒಂದೇ ಸ್ಟ್ಯಾಂಡರ್ಡ್ ಇಟ್ಟು, ಉಳಿದವನ್ನು ಗುಣಕದಿಂದ ಲೆಕ್ಕ ಹಾಕುವುದು. ದಾನ್‌ಶೆನ್‌ನಲ್ಲಿ ಟ್ಯಾನ್‌ಶಿನೋನ್ IIಎ ಒಂದರಿಂದ ಮೂರನ್ನೂ, ಹುವಾಂಗ್‌ಲಿಯೆನ್‌ನಲ್ಲಿ ಬರ್ಬೆರಿನ್ ಒಂದರಿಂದ ನಾಲ್ಕು ಆಲ್ಕಲಾಯ್ಡ್‌ಗಳನ್ನು ಅಳೆಯುತ್ತಾರೆ. ಕಾಲಮ್, ಅಂದರೆ ಅಂಶಗಳನ್ನು ಬೇರ್ಪಡಿಸುವ ಕೊಳವೆ, ಬದಲಿಸಿದಾಗ ಮಾತ್ರ ಯಾವ ಪೀಕ್ ಯಾವುದು ಎಂದು ಮತ್ತೆ ಖಚಿತ ಮಾಡಿಕೊಳ್ಳಿ.

ಹಂತ 5: ಫಿಂಗರ್‌ಪ್ರಿಂಟ್, ಮತ್ತು 0.98 ಎಂಬ ಮೋಸ

ಬೇರಿನಲ್ಲಿ ಇರುವುದು ಎರಡು ಮೂರು ಅಂಶವಲ್ಲ, ನೂರಾರು. ಎಲ್ಲವನ್ನೂ ಹೆಸರು ಹಿಡಿದು ಅಳೆಯಲಾಗದು. ಆದ್ದರಿಂದ ಗ್ರಾಫಿನ ಒಟ್ಟು ಆಕಾರವನ್ನೇ ಹೋಲಿಸುತ್ತಾರೆ. ಇದೇ ಕ್ರೊಮ್ಯಾಟೋಗ್ರಾಫಿಕ್ ಫಿಂಗರ್‌ಪ್ರಿಂಟ್. ಚೀನಾ 2000ದಲ್ಲಿ ಮೂಲಿಕೆಯ ಇಂಜೆಕ್ಷನ್‌ಗಳಿಗೆ ಇದನ್ನು ಕೇಳಲು ಶುರುಮಾಡಿತು. ರಕ್ತಕ್ಕೆ ನೇರ ಹೋಗುವ ವಸ್ತು, ಕೇಳಿದ್ದು ಸರಿಯೇ.

ಮಾಡುವ ಕ್ರಮ ಹೀಗೆ. ಬೇರೆಬೇರೆ ಊರು, ಬೇರೆಬೇರೆ ಸುಗ್ಗಿಯ ಕನಿಷ್ಠ ಹತ್ತು ಅಸಲಿ ಬ್ಯಾಚ್ ತನ್ನಿ. ಒಂದೇ ವ್ಯಾಪಾರಿಯ ಒಂದೇ ಲಾರಿಯಲ್ಲಿ ಬಂದ ಹತ್ತು ಮೂಟೆ ಹತ್ತು ಬ್ಯಾಚ್ ಅಲ್ಲ. ನಿಧಾನವಾಗಿ ಏರುವ ಗ್ರೇಡಿಯೆಂಟಿನಲ್ಲಿ, ಅಂದರೆ ದ್ರಾವಕದ ಮಿಶ್ರಣವನ್ನು ಮೆಲ್ಲಗೆ ಬದಲಿಸುತ್ತ, ಓಡಿಸಿ. ದಾನ್‌ಶೆನ್‌ಗೆ ನೀರಿನ ಗುಂಪು, ಟ್ಯಾನ್‌ಶಿನೋನ್ ಗುಂಪು ಎಂದು ಎರಡು ಫಿಂಗರ್‌ಪ್ರಿಂಟ್ ಮಾಡುವುದು ಒಳ್ಳೆಯದು. ಒಂದರಲ್ಲೇ ತುರುಕಿದರೆ ಯಾವುದೋ ಒಂದು ಗುಂಪು ಮೂಲೆಗೆ ಸರಿಯುತ್ತದೆ. ಎಲ್ಲ ಬ್ಯಾಚುಗಳಲ್ಲೂ ಕಾಣುವ ಪೀಕುಗಳನ್ನು ಗುರುತಿಸಿ. ಚೆನ್ನಾಗಿ ಬೇರ್ಪಟ್ಟ, ಹೆಸರು ಗೊತ್ತಿರುವ ಒಂದನ್ನು ಆಧಾರ ಪೀಕ್ ಎಂದಿಟ್ಟುಕೊಂಡು ಉಳಿದವುಗಳ ಸಮಯವನ್ನು ಅದಕ್ಕೆ ಹೋಲಿಸಿ ಬರೆಯಿರಿ. ಹತ್ತು ಬ್ಯಾಚುಗಳ ಮೀಡಿಯನ್, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ, ತೆಗೆದು ಮಾದರಿ ಗ್ರಾಫ್ ಮಾಡಿ. ಸರಾಸರಿ ತೆಗೆದರೆ ಒಂದು ಕೆಟ್ಟ ಬ್ಯಾಚ್ ಮಾದರಿಯನ್ನೇ ಎಳೆದುಹಾಕುತ್ತದೆ.

ಇನ್ನೊಂದು ಉಪಾಯ: ಎಲ್ಲ ಬ್ಯಾಚುಗಳ ಪುಡಿಯನ್ನು ಸಮನಾಗಿ ಕಲಸಿ ಒಂದು ಮಿಶ್ರ ಸ್ಯಾಂಪಲ್ ಮಾಡಿ. ಪ್ರತಿ ಐದಾರು ಇಂಜೆಕ್ಷನ್‌ಗೆ ಒಮ್ಮೆ ಅದನ್ನು ಓಡಿಸಿ. ಅದರ ಗ್ರಾಫ್ ಅಲುಗಾಡಿದರೆ ದೋಷ ಮಷೀನಿನದ್ದು, ಬೇರಿನದ್ದಲ್ಲ.

ಈಗ ಹೋಲಿಕೆ. ಚೀನಾದ ಫಾರ್ಮಕೋಪಿಯಾ ಸಮಿತಿಯ ಸಾಫ್ಟ್‌ವೇರ್ ಇದೆ, ಅದರ 2004 ಮತ್ತು 2012ರ ಆವೃತ್ತಿಗಳು ಎಲ್ಲೆಡೆ ಬಳಕೆಯಲ್ಲಿವೆ. ಅದು ಎರಡು ಗ್ರಾಫುಗಳ ನಡುವೆ ಕೊಸೈನ್, ಅಂದರೆ ಆಕಾರ ಎಷ್ಟು ಹೊಂದುತ್ತದೆ ಎಂಬ ಅಳತೆ, ಲೆಕ್ಕ ಹಾಕಿ 0ಯಿಂದ 1ರ ಒಳಗೆ ಒಂದು ಅಂಕಿ ಕೊಡುತ್ತದೆ. 0.90 ದಾಟಿದರೆ ಒಂದೇ ಥರ ಎನ್ನುವುದು ರೂಢಿ. ಈ ಅಂಕಿ ನೋಡಿಯೇ ಎಷ್ಟೋ ಮಂದಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾರೆ.

ಒಂದು ಕಾಗದ ತಗೊಳ್ಳಿ, ಕೈಯಲ್ಲೇ ಮಾಡಿ ನೋಡೋಣ. ಮೂರೇ ಪೀಕ್ ಇರುವ ಮಾದರಿ: 100, 20, 10. ನಿಮ್ಮ ಬ್ಯಾಚಿನಲ್ಲಿ 50, 10, 5. ಅಂದರೆ ಎಲ್ಲವೂ ಅರ್ಧ. ಕೊಸೈನ್ ಎಷ್ಟು? ಸರಿಯಾಗಿ 1.000. ಆಕಾರ ಒಂದೇ ಇದೆ, ಗಾತ್ರ ಅರ್ಧವಾಗಿದ್ದು ಅದಕ್ಕೆ ಕಾಣಿಸುವುದೇ ಇಲ್ಲ. ಇನ್ನೊಂದು ಬ್ಯಾಚ್: 100, 5, 10. ಎರಡನೇ ಪೀಕ್ ಕಾಲುಭಾಗಕ್ಕೆ ಇಳಿದಿದೆ. ಕೊಸೈನ್ 0.989. ಮೂರನೆಯದು: 100, 0, 10. ಎರಡನೇ ಅಂಶ ಪೂರ್ತಿ ಮಾಯ. ಕೊಸೈನ್ ಇನ್ನೂ 0.981! ದೊಡ್ಡ ಪೀಕ್ ಒಂದೇ ಎಲ್ಲರ ಪರವಾಗಿ ಓಟು ಹಾಕಿಬಿಟ್ಟಿದೆ. ದಾನ್‌ಶೆನ್ ನೀರಿನ ಗ್ರಾಫಿನಲ್ಲಿ ಸಾಲ್-ಬಿ ಇಂಥದ್ದೇ ದೊಡ್ಡಣ್ಣ.

ಪರಿಹಾರ ಮೂರು, ಮೂರನ್ನೂ ಮಾಡಿ. ಮೊದಲು, ಪ್ರತಿ ಪೀಕನ್ನೂ ಮಾದರಿಯ ಅದೇ ಪೀಕಿನಿಂದ ಭಾಗಿಸಿ. ಆಗ ಮಾದರಿ 1, 1, 1 ಆಗುತ್ತದೆ. ಮೇಲಿನ ಎರಡನೇ ಬ್ಯಾಚ್ 1, 0.25, 1. ಕೊಸೈನ್ ಈಗ 0.905. ಮೂರನೆಯದು 1, 0, 1, ಅದರದ್ದು 0.816. ಸಣ್ಣ ಪೀಕಿಗೂ ಬಾಯಿ ಬಂತು. ಎರಡನೆಯದಾಗಿ, ಒಟ್ಟು ವಿಸ್ತೀರ್ಣದ ಅನುಪಾತವನ್ನು ಪಕ್ಕದಲ್ಲೇ ಬರೆಯಿರಿ. ಎಲ್ಲ ಅರ್ಧವಾದ ಬ್ಯಾಚ್ ಅಲ್ಲಿ 0.50 ಎಂದು ಸಿಕ್ಕಿಬೀಳುತ್ತದೆ. ಕೊನೆಗೆ, ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ಕಣ್ಣಿನಿಂದ ನೋಡಿ. ಮಾದರಿಯಲ್ಲಿ ಇಲ್ಲದ ಹೊಸ ಪೀಕ್ ಎದ್ದಿದೆಯಾ? ಸಾಮಾನ್ಯ ಪೀಕುಗಳನ್ನಷ್ಟೇ ಹೋಲಿಸುವ ಲೆಕ್ಕಕ್ಕೆ ಹೊಸಬ ಬಂದದ್ದು ತಿಳಿಯುವುದಿಲ್ಲ. ಕಲಬೆರಕೆ ಬರುವುದು ಹೊಸ ಪೀಕಾಗಿಯೇ.

ಹೆಸರುಗೊಂಡ ಅಂಕಿಯೊಂದನ್ನೇ ನೋಡಿದರೆ ಏನಾಗುತ್ತದೆ ಎಂಬುದಕ್ಕೆ ಗಿಂಕೋ ಎಲೆಯ ಸಾರ ಸಾಕ್ಷಿ. ಅದರಲ್ಲಿ ಫ್ಲೇವನಾಲ್ ಗ್ಲೈಕೋಸೈಡ್ 24% ಇರಬೇಕೆಂಬುದು ಹೆಸರಾದ ಮಿತಿ. ಅಗ್ಗದ ರೂಟಿನ್, ಕ್ವೆರ್ಸೆಟಿನ್ ಬೆರೆಸಿ 24 ತುಂಬಿಸುವವರು ಹುಟ್ಟಿಕೊಂಡರು. 2015ರಲ್ಲಿ ಚೀನಾದ ಔಷಧ ನಿಯಂತ್ರಕರು ಗಿಂಕೋ ಸಾರ ತಯಾರಕರ ಮೇಲೆ ದೇಶಾದ್ಯಂತ ತಪಾಸಣೆ ಮಾಡಿದಾಗ, ಆಲ್ಕೋಹಾಲಿನ ಬದಲು ಹೈಡ್ರೋಕ್ಲೋರಿಕ್ ಆಸಿಡ್ ಬಳಸಿ ಸಾರ ತೆಗೆದದ್ದೂ ಹೊರಬಂತು. ಒಟ್ಟು ಮೊತ್ತ ಸರಿ ಇತ್ತು, ಒಳಗಿನ ಅನುಪಾತ ಸರಿ ಇರಲಿಲ್ಲ.

ಹಂತ 6: ಕಷಾಯದಲ್ಲಿ ಎಷ್ಟು ಇಳಿಯಿತು?

ರೋಗಿ ಬೇರು ತಿನ್ನುವುದಿಲ್ಲ, ಕಷಾಯ ಕುಡಿಯುತ್ತಾನೆ. ಬೇರು ಒಂದೇ ಥರ ಇದ್ದು ಕಷಾಯ ಬೇರೆಬೇರೆ ಆದರೆ ಏನು ಪ್ರಯೋಜನ? ಚೀನಾ 2021ರ ನವೆಂಬರ್ 1ರಿಂದ ಕಷಾಯದ ಹರಳುಗಳಿಗೆ, ಅಂದರೆ ಬಿಸಿನೀರಿಗೆ ಹಾಕಿ ಕುಡಿಯುವ ಪುಡಿಗೆ, ಹೊಸ ನಿಯಮ ತಂದಿತು. ಅದರ ಬೆನ್ನೆಲುಬು ‘ಪ್ರಮಾಣಿತ ಕಷಾಯ’. ಕನಿಷ್ಠ 15 ಬ್ಯಾಚ್ ಬೇರಿನಿಂದ, ಹಳೆಯ ಪದ್ಧತಿಯಂತೆ ನೆನೆಸಿ, ಎರಡು ಸಲ ಕುದಿಸಿ, ಸೋಸಿ, ಒಣಗಿಸಿ ಅದನ್ನು ಮಾಡುತ್ತಾರೆ. ಕಾರ್ಖಾನೆಯ ಪುಡಿಯನ್ನು ಇದರ ಪಕ್ಕ ನಿಲ್ಲಿಸಿ ನೋಡುತ್ತಾರೆ.

ನೀವು ಲೆಕ್ಕ ಹಾಕಬೇಕಾದ್ದು ವರ್ಗಾವಣೆ ದರ. 100 ಗ್ರಾಂ ಬೇರಿನಲ್ಲಿ 4.5 ಗ್ರಾಂ ಸಾಲ್-ಬಿ ಇದ್ದು ಕಷಾಯದಲ್ಲಿ 2.7 ಗ್ರಾಂ ಸಿಕ್ಕರೆ ದರ 60%. ಎಲ್ಲ ಬ್ಯಾಚಿಗೂ ಇದನ್ನು ತೆಗೆಯಿರಿ. ಸರಾಸರಿಯ 70ರಿಂದ 130% ಒಳಗೆ ಇರಬೇಕು ಎನ್ನುವುದು ಅಲ್ಲಿನ ಒಂದು ಅಳತೆಗೋಲು. ನನಗೆ ಕೇಳಿದರೆ ಇದು ಸಡಿಲವೇ, ಆದರೆ ಶುರುಮಾಡಲು ಸಾಕು. ದರ ಕುಸಿದರೆ ಜಾಸ್ತಿ ಹೊತ್ತು ಕುದಿಸಿದರಾ, ಹೋಳು ದಪ್ಪವಾಯಿತಾ ನೋಡಿ. ಸಾಲ್-ಬಿ ಇಳಿದು ದಾನ್‌ಶೆನ್‌ಸು ಏರಿದ್ದರೆ ಕುದಿಸಿದ್ದೇ ಹೆಚ್ಚಾಗಿದೆ.

ಹಂತ 7: ಅಂಕಿಗಳನ್ನು ಒಟ್ಟಿಗೆ ಓದುವುದು

ಮೊದಲಿನ ಐದು ಬ್ಯಾಚಿಗೆ ಬರೋಣ. ಸರಾಸರಿ 4.5%. ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಚದುರಿದ ಅಳತೆ, 1.05. ಆರ್‌ಎಸ್‌ಡಿ 23%. ಪಠ್ಯಪುಸ್ತಕ ಹೇಳಿದಂತೆ ಸರಾಸರಿಗೆ ಮೂರು ಡೀವಿಯೇಷನ್ ಕೂಡಿ ಕಳೆದು ಕಂಟ್ರೋಲ್ ಚಾರ್ಟ್, ಅಂದರೆ ಮೇಲೆ ಕೆಳಗೆ ಮಿತಿಗೆರೆ ಇರುವ ಗ್ರಾಫ್, ಹಾಕಿದರೆ ಗೆರೆಗಳು 1.35ಕ್ಕೆ ಮತ್ತು 7.65ಕ್ಕೆ ಬೀಳುತ್ತವೆ. ಕೆಳಗಿನ ಗೆರೆ ಫಾರ್ಮಕೋಪಿಯಾದ 3.0ಕ್ಕಿಂತ ಎಷ್ಟೋ ಕೆಳಗೆ! ಅಂದರೆ ಬ್ಯಾಚುಗಳು ಹೆಚ್ಚು ಚದುರಿದಷ್ಟೂ ಚಾರ್ಟ್ ಹೆಚ್ಚು ಉದಾರವಾಗುತ್ತದೆ. ಚದುರಿದ ಮಾಲಿನಿಂದ ಹುಟ್ಟಿದ ಗೆರೆ ಚದುರಿದ ಮಾಲನ್ನೇ ಆಶೀರ್ವದಿಸುತ್ತದೆ. ಐದು ಬ್ಯಾಚ್ ಇಟ್ಟುಕೊಂಡು ಚಾರ್ಟ್ ಹಾಕುವುದೂ ಸುಮ್ನೆ.

ಹಾಗಾಗಿ ಗುರಿಯನ್ನು ನೀವೇ ಇಡಿ. ಉದಾಹರಣೆಗೆ 4.5%, ಅದರ ಆಚೀಚೆ 20%. ಅಂದರೆ 3.6ರಿಂದ 5.4. ಈಗ 1ನೇ ಬ್ಯಾಚ್ ಕೆಳಗೆ, 4ನೇ ಬ್ಯಾಚ್ ಮೇಲೆ ಹೊರಬೀಳುತ್ತವೆ. ಜಾಸ್ತಿ ಇರುವುದು ಒಳ್ಳೆಯದೇ ಅಲ್ವಾ ಎಂದು ಮ್ಯಾನೇಜರ್ ಕೇಳುತ್ತಾರೆ. ಅಲ್ಲ. ಮೇಲಿನ ಮಿತಿ ಇಲ್ಲದಿದ್ದರೆ ಅದು ಸ್ಥಿರತೆಯ ಪರೀಕ್ಷೆಯೇ ಅಲ್ಲ. ಇಪ್ಪತ್ತು ಮೂವತ್ತು ಬ್ಯಾಚ್ ಕೂಡಿದ ಮೇಲೆ ಕಂಟ್ರೋಲ್ ಚಾರ್ಟ್ ಹಾಕಿ. ಗೆರೆ ದಾಟಿದ ಚುಕ್ಕೆಗಿಂತ, ಸಾಲಾಗಿ ಇಳಿಯುತ್ತಿರುವ ಚುಕ್ಕೆಗಳನ್ನು ಜಾಸ್ತಿ ಗಮನಿಸಿ.

ಪೀಕುಗಳು ಹತ್ತು ಹದಿನೈದು ಇದ್ದರೆ ಪಿಸಿಎ ಮಾಡಿ, ಅಂದರೆ ಹಲವು ಪೀಕುಗಳ ಅಂಕಿಗಳನ್ನು ಒಂದೇ ಚಿತ್ರದಲ್ಲಿ ಚುಕ್ಕೆಗಳಾಗಿ ತೋರಿಸುವ ಲೆಕ್ಕ. ಬ್ಯಾಚುಗಳು ಊರಿನ ಪ್ರಕಾರ ಗುಂಪಾದವಾ, ಸುಗ್ಗಿಯ ಪ್ರಕಾರವಾ, ವ್ಯಾಪಾರಿಯ ಪ್ರಕಾರವಾ ಎಂದು ಬಣ್ಣ ಹಚ್ಚಿ ನೋಡಿ. ಮಷೀನಿನಲ್ಲಿ ಓಡಿಸಿದ ದಿನದ ಪ್ರಕಾರ ಗುಂಪಾದರೆ ಹಂತ 4ಕ್ಕೆ ವಾಪಸ್ ಹೋಗಿ.

ರಾಸಾಯನಿಕ ಹೋಲಿಕೆ ಎಷ್ಟೇ ಚೆನ್ನಾಗಿದ್ದರೂ ಪರಿಣಾಮ ಒಂದೇ ಎಂದು ಅದು ಹೇಳುವುದಿಲ್ಲ. ಸಾಧ್ಯವಿದ್ದಲ್ಲಿ ಜೈವಿಕ ಪರೀಕ್ಷೆ ಸೇರಿಸಿ. ಜಿಗಣೆಗೆ ಚೀನೀ ಫಾರ್ಮಕೋಪಿಯಾ ಇದನ್ನೇ ಮಾಡುತ್ತದೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಶಕ್ತಿಯನ್ನೇ ಯೂನಿಟ್ಟಿನಲ್ಲಿ ಅಳೆಯುತ್ತದೆ. ಅಮೆರಿಕದ ಎಫ್‌ಡಿಎ ಕೂಡ 2016ರ ಮಾರ್ಗಸೂಚಿಯಲ್ಲಿ ಗಿಡಮೂಲಿಕೆ ಔಷಧಕ್ಕೆ ಬರೀ ರಾಸಾಯನಿಕ ಪರೀಕ್ಷೆ ಸಾಲದು, ಕಚ್ಚಾ ಮಾಲಿನ ನಿಯಂತ್ರಣ, ಜೈವಿಕ ಪರೀಕ್ಷೆ ಎಲ್ಲವನ್ನೂ ಸೇರಿಸಿ ನೋಡಬೇಕು ಎನ್ನುತ್ತದೆ.

ಹಂತ 8: ಹೊರಗೆ ಬಿದ್ದ ಬ್ಯಾಚನ್ನು ಏನು ಮಾಡುವುದು?

ಎಸೆಯಬೇಕಿಲ್ಲ. ಕಾಫಿಪುಡಿ ಅಂಗಡಿಯವರು ಬೇರೆಬೇರೆ ಎಸ್ಟೇಟಿನ ಬೀಜ ಬೆರೆಸಿ ವರ್ಷವಿಡೀ ಒಂದೇ ರುಚಿ ಕೊಡುವುದಿಲ್ಲವೇ? ಚೀನಾದ ಔಷಧ ನಿಯಂತ್ರಕರು 2020ರಲ್ಲಿ ಇದಕ್ಕೇ ಒಂದು ಮಾರ್ಗಸೂಚಿ ತಂದರು. ನಮ್ಮ 1ನೇ ಬ್ಯಾಚ್ (3.4) ಮತ್ತು 4ನೇ ಬ್ಯಾಚ್ (6.0) ಸೇರಿಸಿ 4.5 ಮಾಡಬೇಕು. ಗುರಿಯಿಂದ ಕಡಿಮೆಯದನ್ನು ಕಳೆದು, ಎರಡರ ಅಂತರದಿಂದ ಭಾಗಿಸಿ: 1.1 ಭಾಗಿಸು 2.6, ಅಂದರೆ 0.42. ನೂರು ಕೆಜಿಗೆ 4ನೆಯದು 42 ಕೆಜಿ, 1ನೆಯದು 58 ಕೆಜಿ.

ಒಂದು ಅಂಶಕ್ಕೆ ಸರಿಹೋದರೆ ಸಾಲದು. 1ನೆಯದರಲ್ಲಿ ಟ್ಯಾನ್‌ಶಿನೋನ್ 0.52%, 4ನೆಯದರಲ್ಲಿ 0.28% ಇದ್ದರೆ ಮಿಶ್ರಣದಲ್ಲಿ 0.42% ಬರುತ್ತದೆ. ಅದು ನಿಮ್ಮ ಗುರಿಯ ಒಳಗಿದೆಯಾ ನೋಡಿ. ಮಿಶ್ರಣದ ಫಿಂಗರ್‌ಪ್ರಿಂಟನ್ನು ಹೊಸದಾಗಿ ಓಡಿಸಿ, ಲೆಕ್ಕದ ಮೇಲೆ ಭಾರ ಹಾಕಬೇಡಿ.

ಬೆರೆಸುವುದಕ್ಕೆ ಒಂದು ಕಟ್ಟುನಿಟ್ಟಿನ ಗೆರೆ ಇದೆ. ಬೆರೆಸುವ ಪ್ರತಿ ಬ್ಯಾಚೂ ತಾನೇ ತಾನಾಗಿ ಫಾರ್ಮಕೋಪಿಯಾದಲ್ಲಿ ಪಾಸಾಗಿರಬೇಕು. ಕ್ಯಾಡ್ಮಿಯಂ ಜಾಸ್ತಿ ಇರುವ ಬ್ಯಾಚನ್ನು ಶುದ್ಧವಾದದ್ದರಲ್ಲಿ ಕರಗಿಸುವುದು, 2.5% ಇರುವ ಬೇರನ್ನು 6% ಇರುವುದರಲ್ಲಿ ಅಡಗಿಸುವುದು ಕಲಬೆರಕೆಯೇ, ಲೆಕ್ಕ ಎಷ್ಟೇ ಚೆನ್ನಾಗಿ ಕೂತರೂ.

ಆಮೇಲೆ ಬ್ಯಾಚ್ ಹೊರಗೆ ಬಿದ್ದದ್ದೇಕೆ ಎಂದು ಹಿಂದಕ್ಕೆ ಹೋಗಿ ಕೇಳಿ. ಯಾವ ಜಿಲ್ಲೆ, ಯಾವ ತಿಂಗಳು ಅಗೆದದ್ದು, ಬಿಸಿಲಲ್ಲಿ ಒಣಗಿಸಿದರಾ ಒಲೆಯಲ್ಲಾ, ಗೋದಾಮಿನಲ್ಲಿ ಎಷ್ಟು ದಿನ ಇತ್ತು. ವ್ಯಾಪಾರಿಗೆ ಉತ್ತರ ಗೊತ್ತಿಲ್ಲದಿದ್ದರೆ ಅದನ್ನೂ ಬರೆದಿಡಿ, ಮುಂದಿನ ಖರೀದಿಗೆ ಬೇಕಾಗುತ್ತದೆ.

ಎತ್ತಿಟ್ಟ ಸ್ಯಾಂಪಲನ್ನು ಕನಿಷ್ಠ ಒಂದು ವರ್ಷ ಇಡಬೇಕು. ಅದನ್ನು ಕತ್ತಲಲ್ಲಿ, ತೇವ ತಾಗದಂತೆ ಇಡಿ, ನಡುವೆ ಒಮ್ಮೆ ತೆಗೆದು ಮತ್ತೆ ಓಡಿಸಿ. ಮಾದರಿ ಗ್ರಾಫನ್ನು ವರ್ಷಕ್ಕೊಮ್ಮೆ ಹೊಸ ಸುಗ್ಗಿಯ ಬ್ಯಾಚುಗಳ ಜೊತೆ ಹೋಲಿಸಿ. ಬದಲಿಸುವುದಾದರೆ ಹಳೆಯದನ್ನು ಅಳಿಸಬೇಡಿ, ತಾರೀಕು ಹಾಕಿ ಪಕ್ಕದಲ್ಲೇ ಉಳಿಸಿ. ಪ್ರತಿ ವರ್ಷ ಹೊಸ ಮಾದರಿಗೆ 0.99 ಬರುತ್ತಿದ್ದು, ಐದು ವರ್ಷದ ಹಿಂದಿನ ಮಾದರಿಗೆ ಹೋಲಿಸಿದಾಗ 0.88 ಬಂದರೆ ನಿಮ್ಮ ಬೇರು ಮೆಲ್ಲಗೆ ಬೇರೆಯೇ ಆಗಿದೆ. ಅದು ಗೊತ್ತಾಗುವುದು ಹಳೆಯ ಗ್ರಾಫ್ ಕೈಯಲ್ಲಿದ್ದರೆ ಮಾತ್ರ.